ಓಡಿದವನ ತೂಕ

“ರೀ, ನೀವು ಓಡ್ತಿರೋದು ತೂಕ ಇಳಿಸೋದಕ್ಕೋ, ಏರಿಸೋದಕ್ಕೋ?” ಎಂದು ನನ್ನಾಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು ತೂಕದ ಯಂತ್ರದ ಮೇಲೆ ನಿಂತು ಪೆಚ್ಚುಮೋರೆ ಹಾಕಿಕೊಂಡಿದ್ದೆ. 75.6 ಕಿಲೋ. ಓಟ ಶುರು ಮಾಡುವ ಮುನ್ನ ಇದ್ದದ್ದು 74!

ವಿಷಯ ಇಷ್ಟೆ. ರಕ್ತದ ಸಕ್ಕರೆ ಗಡಿಗೆ ಬಂದು ನಿಂತಿದೆ, ಐದು ಕಿಲೋ ಇಳಿಸಿ ಎಂದು ವೈದ್ಯರು ಹೇಳಿದ್ದರು. ಬರೀ ನಡಿಗೆ ಬೇಸರವಾಗಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುವ ಗುಂಪೊಂದನ್ನು ಸೇರಿಕೊಂಡೆ. ಹುಮ್ಮಸ್ಸಿನಲ್ಲಿ 21 ಕಿಲೋಮೀಟರಿನ ಓಟಕ್ಕೆ ಹೆಸರನ್ನೂ ಕೊಟ್ಟೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐದು ಕಿಲೋಮೀಟರ್. ನಾಲ್ಕು ವಾರ ಒಂದು ದಿನವೂ ತಪ್ಪಿಸಲಿಲ್ಲ. ಅದರ ಫಲ ಒಂದೂವರೆ ಕಿಲೋಗೂ ಮಿಕ್ಕ ಏರಿಕೆ. ಐದನೆಯ ವಾರ ನನ್ನ ಷೂ ಮಂಚದ ಕೆಳಗೆ ಸೇರಿತು.

“ಅದು ಸ್ನಾಯು ಸಾರ್, ಕೊಬ್ಬು ಹೋಗಿ ಸ್ನಾಯು ಬೆಳೀತಿದೆ” ಎಂದು ಗುಂಪಿನ ಹುಡುಗರು ಸಮಾಧಾನ ಹೇಳಿದರು. ನಾನು ಒಪ್ಪಲಿಲ್ಲ. ಐವತ್ತು ದಾಟಿದ ದೇಹ ಒಂದು ತಿಂಗಳ ಕುಂಟು ಓಟಕ್ಕೆ ಒಂದೂವರೆ ಕಿಲೋ ಸ್ನಾಯು ಕಟ್ಟಿಕೊಡುವಷ್ಟು ಧಾರಾಳಿಯಲ್ಲ. ಹಾಗಾದರೆ ಏರಿದ್ದು ಏನು? ಈ ಅಂಕಣದ ಓದುಗರಿಗೆ ನನ್ನ ಲೆಕ್ಕದ ಚಟ ಗೊತ್ತೇ ಇದೆ. ಕಾಗದ, ಪೆನ್ಸಿಲ್ ಹಿಡಿದು ಕೂತೆ.

ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. ತಿಂಗಳಿಗೆ 80 ಕಿಲೋಮೀಟರ್ ಓಡಿದ ನಾನು ಹೆಚ್ಚೆಂದರೆ 5,900 ಕಿಲೋಕ್ಯಾಲೊರಿ ಉರಿಸಿರಬೇಕು. ಮೈಯ ಒಂದು ಕಿಲೋ ಕೊಬ್ಬಿನಲ್ಲಿರುವುದು ಸುಮಾರು 7,700. ಅಂದರೆ ತಿಂಗಳಿಡೀ ಬೆವರು ಸುರಿಸಿ ಕರಗಬೇಕಾದದ್ದು ಮುಕ್ಕಾಲು ಕಿಲೋ! ಅದೂ ಊಟ ತಿಂಡಿ ಮೊದಲಿನಷ್ಟೇ ಇದ್ದರೆ. ಇಲ್ಲಿ ಒಂದು ತಪ್ಪೊಪ್ಪಿಗೆ. ಭಾನುವಾರದ ಓಟ ಮುಗಿದೊಡನೆ ನಮ್ಮ ಗುಂಪು ಸೀದಾ ಹೋಟೆಲಿಗೆ ನುಗ್ಗುತ್ತಿತ್ತು. ಸೆಟ್ ದೋಸೆ, ಉದ್ದಿನವಡೆ, ಮೇಲೊಂದು ಕಾಫಿ. ‘ಇಷ್ಟು ಓಡಿದ್ದೀನಲ್ಲ’ ಎಂಬ ಧೈರ್ಯ ಬೇರೆ. ಮುಕ್ಕಾಲು ಕಿಲೋದ ಬಹುಪಾಲು ಆ ಹೋಟೆಲಿನಲ್ಲೇ ವಾಪಸು ಬಂದಿರಬೇಕು.

ಆದರೂ ಏರಿಕೆಗೆ ಅಷ್ಟು ಸಾಲದು. ಉಳಿದದ್ದು ನೀರು. ನಮ್ಮ ಸ್ನಾಯುಗಳು ಓಟಕ್ಕೆ ಬೇಕಾದ ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತವೆ. ದಿನಾ ಓಡುವವನ ಸ್ನಾಯು ಹೆಚ್ಚು ಕೂಡಿಡುವುದನ್ನು ಕಲಿಯುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಒಂಟಿಯಾಗಿ ಕೂರುವುದಿಲ್ಲ, ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ನೂರೈವತ್ತು ಗ್ರಾಂ ಹೆಚ್ಚು ಶೇಖರವಾದರೆ ತಕ್ಕಡಿಯಲ್ಲಿ ಆರುನೂರು ಗ್ರಾಂ. ನೋಯುವ ತೊಡೆ, ಮೀನಖಂಡಗಳು ರಿಪೇರಿ ಕೆಲಸಕ್ಕೆಂದು ಇನ್ನಷ್ಟು ನೀರು ಹಿಡಿದಿಡುತ್ತವೆ.

ಇದಕ್ಕಿಂತ ಸ್ವಾರಸ್ಯದ್ದು ರಕ್ತದ ಕಥೆ. ಓಟ ಆರಂಭಿಸಿದ ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ಉಪ್ಪು, ನೀರುಗಳನ್ನು ಉಳಿಸಿಕೊಳ್ಳತೊಡಗುತ್ತವೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ನೂರಕ್ಕೆ ಹತ್ತರಷ್ಟೋ ಅದಕ್ಕೂ ಹೆಚ್ಚೋ ಏರುತ್ತದೆ. ನೆಂಟರು ಬಂದರೆಂದು ಸಾರಿಗೆ ನೀರು ಬೆರೆಸಿದ ಹಾಗೆ! ಆಗ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರೆ ಅಂಕಿ ಸ್ವಲ್ಪ ಇಳಿದಂತೆ ಕಾಣುವುದುಂಟು. ಕೆಂಪುಕಣಗಳು ಕಡಿಮೆಯಾಗಿರುವುದಿಲ್ಲ, ಸಾರು ತೆಳುವಾಗಿರುತ್ತದೆ ಅಷ್ಟೆ. ಇದರಿಂದ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕಬಲ್ಲದು, ಮೈ ಬೇಗ ಬೆವರಿ ತಣ್ಣಗಾಗಬಲ್ಲದು. ನಾನು ಶತ್ರುವೆಂದು ಬಗೆದ ತೂಕ ಓಟಗಾರನಾಗಲು ದೇಹ ಮಾಡಿಕೊಂಡ ಸಿದ್ಧತೆಯಾಗಿತ್ತು.

ಷೂ ಮಂಚದ ಕೆಳಗಿನಿಂದ ಈಚೆ ಬಂತು. ಹೋಟೆಲಿನಲ್ಲಿ ಸೆಟ್ ದೋಸೆಯ ಬದಲು ಎರಡು ಇಡ್ಲಿ. ಐದು ತಿಂಗಳ ಕೊನೆಗೆ ತೂಕ 72ಕ್ಕೆ ಬಂತು, ಬೆಲ್ಟಿಗೆ ಹೊಸ ತೂತು ಬಿತ್ತು. ಅಷ್ಟರಲ್ಲಿ ತೂಕ ನೋಡುವುದು ನನಗೆ ಚಟವೇ ಆಗಿತ್ತು. ಇಟಲಿಯ ಪಾದುವಾದಲ್ಲಿ ಸಾಂತೋರಿಯೋ ಎಂಬ ವೈದ್ಯ ದೊಡ್ಡ ತಕ್ಕಡಿಗೆ ಕುರ್ಚಿ ನೇತುಹಾಕಿ, ಅದರಲ್ಲಿ ತಾನೇ ಕೂತು, ತಿಂದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿ 1614ರಲ್ಲಿ ಪುಸ್ತಕ ಬರೆದ. ನಾನು ಅಷ್ಟು ದೂರ ಹೋಗಲಿಲ್ಲ. ಸ್ಕೂಟರಿನಲ್ಲಿ ತೂಕದ ಯಂತ್ರ ಇಟ್ಟುಕೊಂಡು ಹೋಗಿ ಓಟಕ್ಕೆ ಮೊದಲು, ಓಟದ ನಂತರ ಎಲ್ಲರನ್ನೂ ನಿಲ್ಲಿಸಿ ಬರೆದುಕೊಳ್ಳುತ್ತಿದ್ದೆ. “ಮೇಷ್ಟ್ರು ರೇಷನ್ ಅಂಗಡಿ ಇಟ್ಟಿದ್ದಾರೆ” ಎಂದು ನಗುತ್ತಿದ್ದರು.

21 ಕಿಲೋಮೀಟರಿನ ದಿನವೂ ಯಂತ್ರ ಜೊತೆಗಿತ್ತು. ನಮ್ಮ ಗುಂಪಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ನೀರು ಕಡಿಮೆಯಾದೀತೆಂಬ ಭಯ. ನಿಧಾನ ಓಟಗಾರರು. ಮೂರೂವರೆ ಗಂಟೆ ಹಿಡಿಯಿತು. ನೀರಿನ ಮೇಜು ಕಂಡಲ್ಲೆಲ್ಲ ನಿಂತು ಎರಡು ಲೋಟ ಕುಡಿದಿದ್ದಾರೆ. ಮುಗಿಸಿ ಬಂದವರಿಗೆ ತಲೆನೋವು, ವಾಂತಿ, ಮಾತು ತೊದಲು. ಬೆರಳಿನ ಉಂಗುರ ಬಿಗಿದಿತ್ತು. ಸುತ್ತ ನಿಂತವರೆಲ್ಲ “ನೀರು ಕೊಡಿ, ನೀರು ಕೊಡಿ” ಎಂದರು. ನಾನೂ ಬಾಟಲಿ ಮುಚ್ಚಳ ತಿರುಗಿಸಿದ್ದೆ. ಅಲ್ಲಿದ್ದ ಯುವ ವೈದ್ಯೆ ತಡೆದು, “ಬೆಳಿಗ್ಗೆ ಇವರ ತೂಕ ಎಷ್ಟಿತ್ತು ಯಾರಿಗಾದರೂ ಗೊತ್ತಾ?” ಎಂದು ಕೇಳಿದರು. ನನ್ನ ಪುಸ್ತಕದಲ್ಲಿತ್ತು: 68.2. ಇಬ್ಬರು ಹಿಡಿದು ಯಂತ್ರದ ಮೇಲೆ ನಿಲ್ಲಿಸಿದೆವು. 69.3.

ಮೂರೂವರೆ ಗಂಟೆ ಬೆವರಿದವನ ತೂಕ ಇಳಿದಿರಬೇಕು, ಇವರದು ಏರಿದೆ! ದೀರ್ಘ ಓಟದ ವೇಳೆ ದೇಹ ಕೆಲವೊಮ್ಮೆ ಮೂತ್ರವನ್ನು ತಡೆದಿಡುವ ಹಾರ್ಮೋನನ್ನು ಹೆಚ್ಚು ಸುರಿಸುತ್ತದೆ. ಬೆವರಿಗಿಂತ ಹೆಚ್ಚು ಕುಡಿದ ನೀರಿಗೆ ಆಗ ಹೊರದಾರಿ ಇಲ್ಲ. ರಕ್ತದ ಸೋಡಿಯಂ ತೆಳುವಾಗಿ, ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಕಾಲು ಊದಿದರೆ ಊದಲಿ, ಮಿದುಳು ಊದಿದರೆ ಬುರುಡೆಯೊಳಗೆ ಜಾಗವೆಲ್ಲಿ? 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟಗಾರ್ತಿಯೊಬ್ಬರು ಹೀಗೆಯೇ ತೀರಿಕೊಂಡರು. ಅದೇ ಓಟದಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಗೆ ಸೋಡಿಯಂ ಇಳಿದಿತ್ತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಬಲವಾದ ಸುಳಿವಾಗಿ ಕಂಡದ್ದು ಓಟದ ವೇಳೆ ಏರಿದ ತೂಕ. ‘ಬಾಯಾರುವ ಮೊದಲೇ ಕುಡಿ’ ಎಂಬ ಹಳೆಯ ಉಪದೇಶವನ್ನು ಈಗ ತಜ್ಞರು ಕೈಬಿಟ್ಟಿದ್ದಾರೆ. ಬಾಯಾರಿದರೆ ಕುಡಿಯಿರಿ ಎನ್ನುತ್ತಾರೆ. ಉಪ್ಪು ಸಕ್ಕರೆಯ ಬಣ್ಣದ ಪಾನೀಯವಾದರೂ ಅಷ್ಟೆ. ಅದರಲ್ಲಿರುವ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ.

ಆಸ್ಪತ್ರೆಯಲ್ಲಿ ಮಿತ್ರರ ಸೋಡಿಯಂ 127 ಬಂತು. 135 ಆದರೂ ಇರಬೇಕಿತ್ತು. ಗಟ್ಟಿ ಉಪ್ಪುನೀರನ್ನು ಅಳೆದಳೆದು ರಕ್ತಕ್ಕೆ ಏರಿಸಿದರು. ಸಂಜೆಗೆ ಮಾತು ಸರಿಹೋಯಿತು, ಮೂರನೆಯ ದಿನ ಮನೆಗೆ ಬಂದರು. ನೋಡಲು ಹೋದಾಗ ಅವರ ಮನೆಯವರು ಕಾಫಿಯ ಜೊತೆ ನೀರಿನ ಲೋಟವನ್ನೂ ತಂದಿಟ್ಟರು. ಮಿತ್ರರು ಲೋಟವನ್ನು ನನ್ನ ಕಡೆ ಸರಿಸಿ, “ನೀವೇ ಕುಡಿಯಿರಿ ಮೇಷ್ಟ್ರೇ, ನನಗೆ ಬಾಯಾರಿಲ್ಲ” ಎಂದರು.