ಹಾಸ್ಯಗಾರನ ಮಾತು ಸಾಹಿತ್ಯವಲ್ಲವೇ?

ಕಾಪುವಿನಿಂದ ಕಾರ್ಕಳದವರೆಗೆ, ಬಯಲಾಟ ನೋಡಿ ಬೆಳೆದ ಯಾರನ್ನಾದರೂ ಕೇಳಿರಿ. ಪ್ರಸಂಗದ ಕಥೆ ಮರೆತಿದ್ದರೂ ಹಾಸ್ಯಗಾರನ ನಾಲ್ಕು ಮಾತುಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ನಾನು ಪಾಠಕ್ಕಾಗಿ ತಿರುವಿಹಾಕುವ ಸಾಹಿತ್ಯಚರಿತ್ರೆಗಳಲ್ಲಿ ಅವನಿಗಾಗಿ ಒಂದು ಅಧ್ಯಾಯವನ್ನು ಕಂಡಿಲ್ಲ. ಕನ್ನಡ ಕಲಿಸಿ ಹೊಟ್ಟೆ ಹೊರೆಯುವ ನಾನು ಇದನ್ನು ಅನ್ಯಾಯವೆಂದೇ ಕರೆಯುತ್ತೇನೆ.

ಪ್ರಸಂಗಪುಸ್ತಕದಲ್ಲಿ ಅಚ್ಚಾಗಿರುವುದು ಭಾಗವತರು ಹಾಡುವ ಪದ್ಯ, ಅರ್ಥವೆಲ್ಲ ಆಶುವಾದದ್ದು. ರಾಜನ ವೇಷಕ್ಕೆ ಪದ್ಯದ ಆಸರೆಯಾದರೂ ಉಂಟು. ದೂತನಿಗೂ ಚಾರಕನಿಗೂ ಹೆಚ್ಚಾಗಿ ಅದೂ ಇಲ್ಲ. ಕನ್ನಡದ ‘ಬಲೆ’ ಮೀನು ಹಿಡಿದರೆ ತುಳುವಿನ ‘ಬಲೆ’ ಬನ್ನಿರೆಂದು ಕರೆಯುತ್ತದೆ; ಇಂಥ ಎರಡು ನುಡಿಗಳ ಗಡಿಯಲ್ಲಿ ನಿಂತು ಆತ ಕ್ಷಣಾರ್ಧದಲ್ಲಿ ಮಾತು ಕಟ್ಟಬೇಕು. ಬಾಹುಕನ ವೇಷದಲ್ಲಂತೂ ವಿರೂಪಗೊಂಡ ನಳನ ದುಃಖವು ನಗೆಯ ಅಡಿಯಲ್ಲಿ ಕಾಣುತ್ತಿರಬೇಕು. ಇದು ಪ್ರತಿಭೆಯಲ್ಲದೆ ಮತ್ತೇನು?

ಹಾಸ್ಯವು ಗ್ರಾಮ್ಯವೆನ್ನುತ್ತಾರೆ. ಕೆಟ್ಟ ಹಾಸ್ಯ ಉಂಟು. ಕೆಟ್ಟ ಕಾವ್ಯವೂ ಉಂಟು. ಅದಕ್ಕಾಗಿ ಕಾವ್ಯವನ್ನೇ ಪಠ್ಯದಿಂದ ತೆಗೆದೆವೇ? ಅಚ್ಚಿಗಿಳಿದರೆ ಸ್ವಾರಸ್ಯ ಹೋಗುತ್ತದೆನ್ನುತ್ತಾರೆ. ಫ್ರೆಂಚ್ ರಂಗಭೂಮಿಯ ರೇಮೋಂ ದವೋಸ್ (1922–2006) ಶಬ್ದಗಳೊಡನೆ ಆಟವಾಡಿ ನಗಿಸಿದ ನಟ. ಅವನ ಮಾತುಗಳು ಪುಸ್ತಕಗಳಾಗಿ ಉಳಿದಿವೆ. ಅವನದು ಬರೆದುಕೊಂಡ ಮಾತು, ನಮ್ಮವರದು ಆಶುವೆಂದರೆ, ಬರೆದಿಡುವ ಹೊಣೆ ನಮಗೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನೇ ಕೈಬಿಟ್ಟರು. ಕುಣಿತ, ಹಾಡುಗಳ ಚೆಲುವು ಅದರಿಂದ ಬೆಳಗಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾತು ಹೋದಲ್ಲಿ ಮಾತಿನ ಹಾಸ್ಯಗಾರನಿಗೆ ಎಡೆಯೆಲ್ಲಿ? ಇಂದು ಕಾಲಮಿತಿಯ ಆಟಗಳಲ್ಲಿಯೂ ಅವನ ಮಾತಿಗೆ ಕತ್ತರಿ ಬೀಳುತ್ತಿದೆ. ಗಡಿಯಾರಕ್ಕೆ ಹೆದರಿ ನಗುವುದು ನಗೆಯೇ?

ಕುಂಜಾಲು ರಾಮಕೃಷ್ಣ ಹೋದರು, ಮಿಜಾರು ಅಣ್ಣಪ್ಪ ಹೋದರು. 2024ರ ಅಕ್ಟೋಬರದಲ್ಲಿ ಬಂಟ್ವಾಳ ಜಯರಾಮ ಆಚಾರ್ಯರೂ ಹೋದರು. ಸಂತಾಪಸಭೆಗಳಲ್ಲಿ ‘ತುಂಬಲಾರದ ನಷ್ಟ’ ಎಂದು ಹೇಳಿ ಎದ್ದುಬರುವುದು ಸುಲಭ. ತುಂಬಬಹುದಾದಷ್ಟನ್ನು ತುಂಬಿಕೊಳ್ಳಲು ನಾವೇನು ಮಾಡಿದ್ದೇವೆ?

ಉಡುಪಿಯಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಮಣಿಪಾಲದಲ್ಲಿ ಮುದ್ರಣದ ಹಳೆಯ ಪರಂಪರೆಯಿದೆ. ವಿಷಯ ಸಿಗದೆ ಅಲೆಯುವ ಸಂಶೋಧಕರು ನಮ್ಮ ಕಾಲೇಜುಗಳಲ್ಲಿದ್ದಾರೆ. ಸಿಕ್ಕುವ ಧ್ವನಿಮುದ್ರಣಗಳನ್ನು ಕೇಳಿ, ಮಾತುಗಳನ್ನು ಬರೆದುಕೊಂಡು, ಮೇಳದ ಹಿರಿಯರಿಂದ ಅರ್ಥ ತಿಳಿದು, ಸಂಪಾದಿಸಿ ಅಚ್ಚುಹಾಕಲಿ. ಪಂಪನ ಪಾಠಾಂತರಕ್ಕೆ ನಾವು ವ್ಯಯಿಸುವ ಶ್ರಮದ ಹತ್ತರಲ್ಲೊಂದು ಪಾಲು ಸಾಕು. ಅಷ್ಟನ್ನೂ ಮಾಡದವರಿಗೆ ಹಾಸ್ಯಗಾರನನ್ನು ಗ್ರಾಮ್ಯನೆನ್ನುವ ಅಧಿಕಾರವಿಲ್ಲ.