ಹಳೇ ಮನಿ ಕೆಡವಬ್ಯಾಡ್ರಿ, ಬಿಚ್ಚಿ ಇಳಿಸ್ರಿ

ಝಳಕಿಯಿಂದ ಇಂಡಿ ಕಡೆ ಹೋಗ್ರಿ, ಚಡಚಣ ಕಡೆ ಹೋಗ್ರಿ, ಬ್ಯಾಸಗಿ ಬಂತೆಂದರೆ ಊರಿಗೆ ಒಂದೆರಡು ಹಳೇ ಮಾಳಗಿ ಮನೆ ನೆಲಕ್ಕೆ ಬೀಳುತ್ತವೆ. ಮುಂಜಾನೆ ಜೆಸಿಬಿ ಹಚ್ಚಿದರೆ ಸಂಜೀಕ ಜಾಗ ಸಪಾಟು. ಕಲ್ಲು, ಮಣ್ಣು, ಕಟಗಿ, ಪತ್ರಾಸು ಎಲ್ಲಾ ಕಲಸಿಕೊಂಡು ಟ್ರೇಲರ್ ಏರಿ ಊರ ಹೊರಗಿನ ಹಳ್ಳ ಸೇರುತ್ತದೆ. ಮುಂದಿನ ವಾರ ಅದೇ ಮನೆಯವರು ಬುನಾದಿಗೆ ಕಲ್ಲು ಬೇಕಂತ ಕ್ವಾರಿಗೆ ಫೋನ್ ಹಚ್ಚುತ್ತಾರೆ. ನಮ್ಮ ಕಲ್ಲು ಹಳ್ಳಕ್ಕೆ ಚೆಲ್ಲಿ, ಮಂದಿ ಕಲ್ಲು ರೊಕ್ಕಕ್ಕೆ ತರೋದು ಯಾವ ವ್ಯಾಪಾರ?

ಒಂದು ಲೆಕ್ಕ ಹಾಕಿ ನೋಡೋಣ. 30 ಅಡಿ ಉದ್ದ, 20 ಅಡಿ ಅಗಲದ ಮನೆ. ಸುತ್ತಳತೆ 100 ಅಡಿ. ಗ್ವಾಡಿ 10 ಅಡಿ ಎತ್ತರ, 2 ಅಡಿ ದಪ್ಪ. ಹೊರಗಿನ ಗ್ವಾಡಿಯೇ 2,000 ಘನ ಅಡಿ ಆಯಿತು. ತೂಕದಲ್ಲಿ 100 ಟನ್ ಮೀರುತ್ತದೆ. ಟ್ರೇಲರಿಗೆ 4 ಟನ್ ಹಿಡಿದರೂ 25 ಟ್ರಿಪ್. ಕೇಂದ್ರ ಸರ್ಕಾರದ 2016ರ ಕಟ್ಟಡ ತ್ಯಾಜ್ಯ ನಿಯಮದಲ್ಲಿ, ದಿನಕ್ಕೆ 20 ಟನ್ ಮೀರಿ ತ್ಯಾಜ್ಯ ಬಂದರೆ ಕಾಂಕ್ರೀಟು, ಮಣ್ಣು, ಕಬ್ಬಿಣ-ಕಟಗಿ, ಇಟ್ಟಿಗೆ ಅಂತ ಬೇರೆ ಬೇರೆ ಮಾಡಬೇಕೆಂದು ಹೇಳಿತ್ತು. ಪ್ಯಾಟಿ ಮಂದಿಗೆ ಬರೆದ ನಿಯಮ ಅಂತ ನಾವು ತಿಳಿದಿದ್ದೆವು. ಆದರೆ ಜೆಸಿಬಿ ಹಚ್ಚಿ ಒಂದೇ ದಿನದಾಗ ಉರುಳಿಸಿದ ನಮ್ಮ ಮನೆಯೂ ಆ ಅಳತೆ ದಾಟುತ್ತದೆ.

"ಆಳು ಸಿಗೂದಿಲ್ರಿ, ಕೂಲಿ ಮೈಮ್ಯಾಲೆ ಬರ್ತದ" ಅಂತೀರಿ. ಖರೆ. ಪೂರಾ ಕೈಲೇ ಬಿಚ್ಚರಿ ಅಂತ ನಾನೂ ಹೇಳೂದಿಲ್ಲ. ಮಾಳಗಿ, ಬಾಗಲು, ಕಿಟಕಿ ಚೌಕಟ್ಟು ಇಷ್ಟನ್ನ ಆಳು ಹಚ್ಚಿ ಮೊದಲು ಇಳಿಸಿಕೊಳ್ಳಿ. ಗ್ವಾಡಿಗೆ ಜೆಸಿಬಿ ಬರಲಿ, ಆದರೆ ಕಲ್ಲಿನ ಗುಂಪಿ ಬ್ಯಾರೆ, ಮಣ್ಣಿನ ಗುಂಪಿ ಬ್ಯಾರೆ ಮಾಡಬೇಕು ಅಂತ ಡ್ರೈವರಿಗೆ ಮೊದಲೇ ಹೇಳಿ ನೀವು ಎದುರಿಗೇ ನಿಲ್ಲಿ. ಸಿಮೆಂಟ್ ಪತ್ರಾಸಿನಲ್ಲಿ ಕಲ್ನಾರು ಇರಬಹುದು. ಅದನ್ನು ಒಡೀಬ್ಯಾಡ್ರಿ, ನೀರು ಹೊಡೆದು ಇಡೀಗೆ ಇಳಿಸ್ರಿ. ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.

ತೊಲಿ, ಜಂತಿ, ಕಂಬದ ಬೆಲೆ ಎಲ್ಲರಿಗೂ ಗೊತ್ತು. ಕಲ್ಲಿನದು ಮರೆತಿದ್ದೇವೆ. ನಮ್ಮದು ಕರಿ ಬಸಾಲ್ಟ್, ಗೋಲಗುಮ್ಮಟದ ಗ್ವಾಡಿಗೆ ಹಾಕಿದ್ದೂ ಇದೇ ಜಾತಿ ಕಲ್ಲು. ನೂರು ವರ್ಷ ಗ್ವಾಡಿಯಾಗ ಇದ್ದರೂ ಸವೆಯೂದಿಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಸೀಮೆಗೆ ಗೊತ್ತು ಮಾಡಿದ್ದು 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಅಷ್ಟರೊಳಗ ಬುನಾದಿ ಕಲ್ಲು ಮನೆಯದೇ ಆದರೆ ಎಷ್ಟು ಹಗುರ ಆಗ್ತದೆ ನೀವೇ ಯೋಚಿಸಿ. ಉಳಿದ ಕಲ್ಲು ಒಡ್ಡಿನ ಕೋಡಿಗೆ, ಕೃಷಿಹೊಂಡಕ್ಕೆ ನೀರು ಬರುವ ಬಾಯಿಗೆ ಹಾಸಲು ಬರುತ್ತದೆ.

ಇನ್ನು ಮಣ್ಣು. ಇಲ್ಲಿ ಹುಷಾರಾಗಿರಬೇಕು, ಯಾಕಂದರೆ ಹಳೇ ಮನೆಯಲ್ಲಿ ಒಂದೇ ಥರದ ಮಣ್ಣು ಇರೂದಿಲ್ಲ. ಮಾಳಗಿ ಸೋರಬಾರದು ಅಂತ ಮೇಲೆ ಹಾಕಿದ್ದು ಕರಲು ಮಣ್ಣು. ಅದರಲ್ಲಿ ಸೋಡಿಯಂ ಜಾಸ್ತಿ. ಮಳೆ ಬಿದ್ದ ಕೂಡಲೇ ಕಣ ಬಿಡಿಬಿಡಿಯಾಗಿ ಸಂದು ಮುಚ್ಚುತ್ತದೆ, ನೀರು ಇಳಿಯೂದಿಲ್ಲ. ಮಾಳಗಿಗೆ ಅದು ಗುಣ, ಹೊಲಕ್ಕೆ ಅದೇ ವಿಷ. ಅದನ್ನು ಹೊಲಕ್ಕೆ ಒಯ್ಯಲೇಬ್ಯಾಡ್ರಿ. ಗ್ವಾಡಿಯ ಹಾಳ ಮಣ್ಣನ್ನು ಹಿರಿಯರು ಗೊಬ್ಬರ ಅಂತ ಹೊಲಕ್ಕೆ ಹೊಡೆಯುತ್ತಿದ್ದರು, ಸೆಗಣಿ-ಹೊಟ್ಟು ಕಲಸಿದ್ದು ಅದರಾಗ ಇರ್ತದೆ. ಅದನ್ನೂ ಸುಮ್ಮನೇ ಹೊಡೀಬ್ಯಾಡ್ರಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಪಿಎಚ್ 8.5 ದಾಟಿದ್ದರೆ ಬಿಟ್ಟುಬಿಡಿ.

ಲಿಂಬಿ ತೋಟ ಇದ್ದವರಿಗೆ ಇನ್ನೊಂದು ಮಾತು. ಸುಣ್ಣದ ಗಾರೆ, ಸಿಮೆಂಟ್ ಪುಡಿ ಗಿಡದ ಬುಡಕ್ಕೆ ಬರಬಾರದು. ನಮ್ಮ ಕರಿ ಮಣ್ಣಿನಾಗ ಸುಣ್ಣ ಮೊದಲೇ ಹೆಚ್ಚು. ಮತ್ತಷ್ಟು ಸೇರಿದರೆ ಕಬ್ಬಿಣ, ಸತು ಬೇರಿಗೆ ಸಿಗೂದಿಲ್ಲ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಇಂಡಿ ಲಿಂಬಿ ಭೌಗೋಳಿಕ ಗುರುತು ಪಡೆದ ಬೆಳೆ. ತ್ಯಾಜ್ಯ ಚೆಲ್ಲಲು ಜಾಗ ಇಲ್ಲಂತ ತೋಟದ ಮೂಲೆ ಹುಡುಕಬ್ಯಾಡ್ರಿ.

ಹೊಲಕ್ಕೆ ಬಾರದ ಮಣ್ಣು ಇಟ್ಟಿಗೆಗೆ ಬರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ, ಸುಡದೇ ಕೈ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮಣ್ಣಿಗೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಕಲಸಿ ಒತ್ತಿ, ಮೂರು ವಾರ ಹಸಿ ಇಡಬೇಕು. ಕರಿ ಮಣ್ಣು ನೇರವಾಗಿ ನಡೆಯೂದಿಲ್ಲ, ಉಬ್ಬಿ ಬಿರಿಯುತ್ತದೆ. ಗ್ವಾಡಿ ಮಣ್ಣಿಗೆ ಕ್ರಷರ್ ಪುಡಿ ಬೆರೆಸಿ ಜಿಗಟು ಕಡಿಮೆ ಮಾಡಬೇಕು. ಜಿಗಟು ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು: ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಉಸುಕು ಒಂದು ನಿಮಿಷದಾಗ ತಳಕ್ಕೆ ಕೂಡ್ತದೆ, ಜಿಗಟು ಎಲ್ಲಕ್ಕೂ ಕಡೀಕ, ಮರುದಿನ. ಮ್ಯಾಲಿನ ಆ ಪದರ ದಪ್ಪ ಬಂದರೆ ಪುಡಿ ಹೆಚ್ಚು ಬೇಕು. ಮೊದಲು ಹತ್ತು ಇಟ್ಟಿಗೆ ಒತ್ತಿ, ಒಣಗಿಸಿ, ಒಂದು ರಾತ್ರಿ ನೀರಾಗ ಇಟ್ಟು ನೋಡ್ರಿ. ಮೂಲೆ ಕರಗದಿದ್ದರೆ ಮುಂದಿನ ಮಾತು.

ಒಡೆದ ಕಾಂಕ್ರೀಟು, ಇಟ್ಟಿಗೆ ಚೂರು ಹೊಲದ ದಾರಿಗೆ ಹಾಕಿ. ಮಳೆಗಾಲದಾಗ ಟ್ರ್ಯಾಕ್ಟರ್ ಹೂತು ನಿಲ್ಲೂದು ಎಲ್ಲರಿಗೂ ಗೊತ್ತೈತಿ. ಆದರೆ ಎರಿ ಮಣ್ಣಿನ ಮೇಲೆ ನೇರ ಹಾಕಿದರೆ ಎರಡು ಮಳೆಗೆ ಎಲ್ಲಾ ಒಳಗೆ ಇಳೀತದೆ. ಒಂದು ಅಡಿ ತೆಗೆದು, ಗರಸು ಹಾಕಿ ಗುದ್ದಿ, ಆಮೇಲೆ ಚೂರು, ಮತ್ತೆ ಮೇಲೆ ಗರಸು. ಕಬ್ಬಿಣದ ಸರಳು ಮೊದಲೇ ಆರಿಸಿ ತೆಗೆದಿರಬೇಕು, ಇಲ್ಲಂದ್ರ ಟಾಯರ್ ಹೋಗ್ತದೆ.

ಇಷ್ಟು ಒಬ್ಬೊಬ್ಬ ರೈತನ ಕೈಲಾದ ಕೆಲಸ. ಕಾಂಕ್ರೀಟು ಪುಡಿ ಮಾಡಿ ಮತ್ತೆ ಖಡಿ ಮಾಡೋದು ಒಬ್ಬನಿಂದ ಆಗೂದಿಲ್ಲ. ಅಂಥ ಖಡಿಯನ್ನು ಸಾದಾ ಕಾಂಕ್ರೀಟಿಗೆ ನೂರಕ್ಕೆ 25 ಪಾಲಿನವರೆಗೆ ಹಾಕಬಹುದೆಂದು ಐಎಸ್ 383 ಮಾನದಂಡ 2016ರಲ್ಲೇ ಒಪ್ಪಿದೆ. ಒಂದು ಸಣ್ಣ ಕ್ರಷರ್, ಒಂದೆರಡು ಇಟ್ಟಿಗೆ ಒತ್ತುವ ಯಂತ್ರ ನಾಲ್ಕೈದು ಪಂಚಾಯಿತಿ ಕೂಡಿ ಇಡಲಿ, ರೈತ ಉತ್ಪಾದಕ ಕಂಪನಿ ಬಾಡಿಗೆಗೆ ನಡೆಸಲಿ ಅನ್ನೋದು ನನ್ನ ಅಭಿಪ್ರಾಯ. ಬಸವನ ಬಾಗೇವಾಡಿ ಕಡೆ ಕೂಡಗಿಯಲ್ಲಿ 2,400 ಮೆಗಾವಾಟ್ ಉಷ್ಣ ಸ್ಥಾವರ ಐತಿ, ಹಾರುಬೂದಿ ಇಟ್ಟಿಗೆಗೆ ಬೂದಿಯೂ ನಮ್ಮ ಜಿಲ್ಲೆಯದೇ.

ಯಂತ್ರ ಬರುವಾಗ ಬರಲಿ. ಈ ಸಲದ ಗ್ರಾಮಸಭೆಯಲ್ಲಿ ಎರಡು ಬೇಡಿಕೆ ಬರೆಸಿ: ಒಡೆದ ಸಾಮಾನು ಗುಂಪಿ ಹಾಕಲು ಪಂಚಾಯಿತಿಯ ಒಂದು ಜಾಗ, ಮತ್ತು ಹಳ್ಳಕ್ಕೆ ಚೆಲ್ಲಿದವರಿಗೆ ದಂಡ. ಈಗ ಹಳ್ಳದಲ್ಲಿ ಬಿದ್ದಿರುವ ಗುಂಪಿಯ ಫೋಟೋ, ಜಾಗದ ಲೊಕೇಶನ್ ಸಮೇತ ತೆಗೆದು ಅರ್ಜಿಗೆ ಹಚ್ಚರಿ. ಮುಂಗಾರಿನೊಳಗ ಆ ಗುಂಪಿ ಎತ್ತದಿದ್ದರೆ ಹಳ್ಳದ ನೀರು ದಂಡಿ ಹೊಲಕ್ಕೇ ತಿರುಗ್ತದೆ.