ಗಿಡದ ಹೆಸರು, ಪ್ರಯೋಗಾಲಯದ ಅಮಲು

ವಿದೇಶದಲ್ಲಿರುವ ಮಕ್ಕಳು ರಜೆಗೆ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಸಿಹಿತಿಂಡಿ ಇರುವುದು ಸಹಜ. ಆದರೆ ಅಮೆರಿಕದ ಅಂಗಡಿಗಳಲ್ಲಿ ಕೆಲವು ವರ್ಷಗಳಿಂದ ಹರಡಿರುವ ಒಂದು ಬಗೆಯ ಬಣ್ಣದ ಮಿಠಾಯಿಯ ಕುರಿತು ನಾವು ಎಚ್ಚರವಹಿಸಬೇಕಾಗಿದೆ. ‘ಹೆಂಪ್‌ನಿಂದ ತಯಾರಿಸಿದ್ದು’ ಎಂಬ ಚೀಟಿ ಹೊತ್ತ ಈ ಮಿಠಾಯಿಯಲ್ಲಿ ನಿಸರ್ಗದ ಪಾಲೆಷ್ಟು, ಮನುಷ್ಯನ ಕೈವಾಡವೆಷ್ಟು?

ಹೆಂಪ್ ಹಾಗೂ ಗಾಂಜಾ ಒಂದೇ ಜಾತಿಯ ಸಸ್ಯಗಳು. ಇವುಗಳಲ್ಲಿ ಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳು ನೂರಕ್ಕೂ ಮಿಕ್ಕಿವೆ. ಅವುಗಳಲ್ಲಿ ಅಮಲೇರಿಸುವ ಮುಖ್ಯ ಅಂಶವಾದ ಡೆಲ್ಟಾ-9 ಟಿಎಚ್‌ಸಿಯನ್ನು ಇಸ್ರೇಲಿನ ವಿಜ್ಞಾನಿ ರಫಾಯೆಲ್ ಮೆಷೂಲಮ್ ಮತ್ತು ಸಂಗಡಿಗರು 1964ರಲ್ಲಿ ಬೇರ್ಪಡಿಸಿದರು. ಹೆಂಪಿನಲ್ಲಿ ಹೆಚ್ಚಾಗಿರುವ ಸಿಬಿಡಿ ಅಮಲೇರಿಸದು. ಶುದ್ಧೀಕರಿಸಿದ ಸಿಬಿಡಿಯನ್ನು ಎರಡು ಬಗೆಯ ತೀವ್ರ ಅಪಸ್ಮಾರಕ್ಕೆ ಔಷಧವಾಗಿ ಅಮೆರಿಕ 2018ರಲ್ಲಿ ಅಂಗೀಕರಿಸಿತು.

ಅದೇ ವರ್ಷ ಅಲ್ಲಿನ ಕೃಷಿ ಕಾಯ್ದೆಯು ಡೆಲ್ಟಾ-9 ಟಿಎಚ್‌ಸಿ ಶೇಕಡಾ 0.3ನ್ನು ಮೀರದ ಬೆಳೆಯನ್ನು ಹೆಂಪ್ ಎಂದು ಪರಿಗಣಿಸಿ ನಿರ್ಬಂಧದಿಂದ ಮುಕ್ತಗೊಳಿಸಿತು. ಕಾಯ್ದೆಯ ಈ ಬಿರುಕಿನಲ್ಲಿ ವ್ಯಾಪಾರಿಗಳು ನುಸುಳಿದರು. ಅಮಲೇರಿಸದ ಸಿಬಿಡಿಯನ್ನು ಆಮ್ಲದೊಡನೆ ಸಂಸ್ಕರಿಸಿದರೆ ಡೆಲ್ಟಾ-8 ಟಿಎಚ್‌ಸಿ ದೊರೆಯುತ್ತದೆ. ಗಿಡದಲ್ಲಿ ಇದರ ಪ್ರಮಾಣ ಅತ್ಯಲ್ಪ, ಮಿಠಾಯಿಯಲ್ಲಿ ಬೇಕಾದಷ್ಟು. ಡೆಲ್ಟಾ-9ಕ್ಕಿಂತ ತುಸು ಸೌಮ್ಯವಾದರೂ ಇದೂ ಅಮಲೇ. ಶುದ್ಧೀಕರಣ ಸರಿಯಾಗದಿದ್ದರೆ ತಯಾರಿಕೆಯ ಆಮ್ಲ ಹಾಗೂ ಉಪೋತ್ಪನ್ನಗಳೂ ಜೊತೆಗೇ ಉಳಿಯುತ್ತವೆ. ಜಲಜನಕ ಸೇರಿಸಿ ಸಿದ್ಧಪಡಿಸಿದ ಎಚ್‌ಎಚ್‌ಸಿಯೂ ಈ ಸಾಲಿನದೇ. ಟಿಎಚ್‌ಸಿ ಅಸಿಟೇಟನ್ನು ಕಾಯಿಸಿ ಸೇದಿದರೆ ಶ್ವಾಸಕೋಶಕ್ಕೆ ವಿಷವಾದ ಕೀಟೀನ್ ಅನಿಲ ಹುಟ್ಟಬಹುದೆಂದು ಪ್ರಯೋಗಗಳು ತೋರಿಸಿವೆ.

‘ಸ್ಪೈಸ್’ ಎಂಬ ಹೆಸರಿನಲ್ಲಿ ಮಾರಲ್ಪಟ್ಟ ಸಂಪೂರ್ಣ ಕೃತಕ ವಸ್ತುಗಳ ಕಥೆಯೇ ಬೇರೆ. ಗಿಡದ ಟಿಎಚ್‌ಸಿ ಮೆದುಳಿನ ಗ್ರಾಹಕಗಳನ್ನು ಭಾಗಶಃ ಮಾತ್ರ ಉದ್ದೀಪಿಸಿದರೆ, ಇವುಗಳಲ್ಲಿ ಅನೇಕವು ಪೂರ್ಣವಾಗಿ ಉದ್ದೀಪಿಸುತ್ತವೆ. ಸೆಳವು, ಚಿತ್ತವಿಭ್ರಮೆ, ಸಾವು ಕೂಡ ಸಂಭವಿಸಿವೆ. ಹಾಗೆಂದು ಗಿಡದ ಅಮಲು ನಿರಪಾಯವೆಂದು ಭಾವಿಸಲಾಗದು. ಬೆಳೆಯುವ ವಯಸ್ಸಿನ ಮೆದುಳಿಗೆ ಅದೂ ಹಾನಿಕರವೇ.

ಲೋಕ ತಡವಾಗಿಯಾದರೂ ಎಚ್ಚೆತ್ತಿದೆ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗವು ಎಚ್‌ಎಚ್‌ಸಿಯನ್ನು ಅಂತಾರಾಷ್ಟ್ರೀಯ ನಿಯಂತ್ರಣಕ್ಕೆ ತಂದಿತು. ಅದೇ ನವೆಂಬರ್‌ನಲ್ಲಿ ಅಮೆರಿಕವು ಒಂದು ವರ್ಷದ ಗಡುವಿಟ್ಟು ಬಿರುಕು ಮುಚ್ಚುವ ಕಾನೂನು ಮಾಡಿತು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಕಠಿಣವಾಗಿದೆ. ಪರದೇಶದ ಅಂಗಡಿಯ ರಸೀದಿ ಇಲ್ಲಿ ರಕ್ಷಣೆಯಾಗದು.

ಆದುದರಿಂದ ತಾಯ್ತಂದೆಯರು ದೂರದ ಮಕ್ಕಳೊಡನೆ ಈ ವಿಷಯವನ್ನು ಮುಕ್ತವಾಗಿ ಮಾತನಾಡುವುದು ಲೇಸು. ಗದರಿಸಿದರೆ ಅವರು ಮುಚ್ಚಿಡುವರು, ತಿಳಿಯಹೇಳಿದರೆ ಯೋಚಿಸುವರು. ಪೊಟ್ಟಣದ ಮೇಲೆ ಹಸಿರೆಲೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿರುವುದು ಗಿಡ ಕೊಟ್ಟದ್ದಾಗಬೇಕಿಲ್ಲ ಎಂಬ ಒಂದು ಮಾತು ಅವರ ನೆನಪಿನಲ್ಲುಳಿದರೂ ನಮ್ಮ ಶ್ರಮ ಸಾರ್ಥಕ.